ಹಪ್ಪಳದ ವಿಡಿಯೊ ಅಡ್ಡವೋ ಉದ್ದವೋ: ಬದಿಯಡ್ಕ ಕಡೆಯ ಒಂದು ಪ್ರಕರಣ

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ಒಂದು ಅಡಿಕೆ ತೋಟದ ಮನೆ ಇದೆ. ಮಾರ್ಚ್ ಬಂತೆಂದರೆ ಅಲ್ಲಿ ಹಲಸಿನ ಹಪ್ಪಳದ ಕೆಲಸ ಶುರು. ಬೆಳೆದ ಕಾಯಿ ಕೊಯ್ದು, ಮೇಣ ಒರೆಸಿ, ಸೊಳೆ ಬಿಡಿಸಿ, ಅಟ್ಟಿನಳಗೆಯಲ್ಲಿ (ಹಬೆಯ ಪಾತ್ರೆ) ಬೇಯಿಸಿ, ಉಪ್ಪು ಮೆಣಸು ಹಾಕಿ ರುಬ್ಬಿ, ಉಂಡೆ ಕಟ್ಟಿ, ಒತ್ತಿ, ಬಿಸಿಲಿಗೆ ಹರವುವುದು. ಮನೆಯ ಅಕ್ಕನ ಜೊತೆ ಅಕ್ಕಪಕ್ಕದ ನಾಲ್ಕೈದು ಹೆಂಗಸರು ಸೇರುತ್ತಾರೆ. ಬಿಸಿಲು ಇರುವಷ್ಟು ದಿನ ಮಾತ್ರ ಈ ಕೆಲಸ. ಜೂನ್‌ನಲ್ಲಿ ಮಳೆ ಹಿಡಿದರೆ ಜಾಲು, ಅಂದರೆ ಮನೆಯ ಅಂಗಳ, ಖಾಲಿ.

ಮಾರಾಟ ಮಾತ್ರ ಇದಕ್ಕೆ ಉಲ್ಟಾ. ಹಪ್ಪಳ ಮಾಡುವುದು ಬಿಸಿಲಲ್ಲಿ, ತಿನ್ನುವುದು ಮಳೆಗೆ. ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಗೆ ಗಂಜಿಯ ಜೊತೆ ಸುಟ್ಟದ್ದೋ ಎಣ್ಣೆಯಲ್ಲಿ ಕಾಯಿಸಿದ್ದೋ ಒಂದೆರಡು ಹಪ್ಪಳ ಬೇಕೇ ಬೇಕು. ಆದ್ದರಿಂದ ಜೂನ್, ಜುಲೈ, ಆಗಸ್ಟ್ ಇವರಿಗೆ ವ್ಯಾಪಾರದ ಕಾಲ. ಕೊಳ್ಳುವವರು ಮೂರು ಬಗೆ. ಊರಿನವರೇ ಒಂದಷ್ಟು. ಮಂಗಳೂರು, ಬೆಂಗಳೂರು, ಗಲ್ಫ್‌ನಲ್ಲಿರುವ ಈ ಕಡೆಯ ಕನ್ನಡಿಗರು ಒಂದಷ್ಟು. ಮತ್ತೆ ಕಾಸರಗೋಡು ಪೇಟೆಯಿಂದ ಕೆಳಗೆ ಕಣ್ಣೂರು ತನಕ ಮಲಯಾಳಂ ಮಾತಾಡುವವರು. ಕೇರಳ ಸರಕಾರ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣು ಎಂದು ಘೋಷಿಸಿತು. ಆಮೇಲೆ ಈ ಮೂರನೆಯ ಗುಂಪಿನಲ್ಲಿ ಹಲಸಿನ ತಿಂಡಿಗಳ ಬಗ್ಗೆ ಮಾತು ಜಾಸ್ತಿಯಾಗಿದೆ ಎಂದು ಅಕ್ಕ ಹೇಳುತ್ತಾರೆ.

ಬಾಯಿಮಾತಿನಲ್ಲೇ ನಡೆಯುತ್ತಿದ್ದ ವ್ಯಾಪಾರಕ್ಕೆ ಈ ಸಲ ಒಂದು ವಿಡಿಯೊ ಬೇಕು ಎಂದು ಮನೆಯವರು ತೀರ್ಮಾನಿಸಿದರು. ಮಂಗಳೂರಿನಲ್ಲಿ ಓದುವ ಮಗ ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಯೂಟ್ಯೂಬ್ ಮೂರರಲ್ಲೂ ಖಾತೆ ತೆರೆದ. ಏಪ್ರಿಲ್‌ನಲ್ಲಿ ಊರಿನ ಒಬ್ಬ ವಿಡಿಯೊಗ್ರಾಫರ್ ಬಂದು ಇಡೀ ದಿನ ಶೂಟ್ ಮಾಡಿದರು. ಮದುವೆ, ಬ್ರಹ್ಮಕಲಶ, ಯಕ್ಷಗಾನ ಚಿತ್ರೀಕರಿಸಿ ಒಳ್ಳೆ ಹೆಸರು ಮಾಡಿದವರು. ಸುಮಾರು ನಾಲ್ಕು ನಿಮಿಷದ ಚಿತ್ರ ಕೊಟ್ಟರು. ಡ್ರೋನ್‌ನಿಂದ ತೋಟ, ಜಾಲಿನ ತುಂಬಾ ಸಾಲಾಗಿ ಹಾಸಿದ ಚಾಪೆ, ಚಾಪೆ ತುಂಬಾ ಹಪ್ಪಳ. ಟಿವಿಗೆ ಹಾಕಿ ನೋಡಿದರೆ ಕಣ್ಣು ತುಂಬುತ್ತದೆ. ಸುಮ್ನೆ ಹೊಗಳುವ ಮಾತಲ್ಲ, ಅಷ್ಟು ಚಂದ ಇದೆ.

ಅದೇ ಫೈಲನ್ನು ಮಗ ಎಲ್ಲ ಕಡೆ ಹಾಕಿದ. ವಾಟ್ಸಾಪ್ ಸ್ಟೇಟಸ್‌ಗೂ ತುಂಡು ಮಾಡಿ ಹಾಕಿದ. ಹೃದಯದ ಗುರುತು ಬಂತು, "ಸೂಪರ್" ಬಂತು, "ಇದು ಯಾವ ಜಾಗ?" ಎಂಬ ಪ್ರಶ್ನೆ ಬಂತು. ಆರ್ಡರ್ ಬರಲಿಲ್ಲ. ಅಕ್ಕನ ಫೋನಿಗೂ ಆ ವಿಡಿಯೊ ಯಾವುದೋ ಕುಟುಂಬದ ಗ್ರೂಪಿನಿಂದ ತಿರುಗಿ ಬಂತಂತೆ. ನೋಡಿ ಮಗನನ್ನು ಕೇಳಿದರಂತೆ, "ಹಪ್ಪಳ ಎಲ್ಲಿದ್ದು ಮಗಾ? ಎನಗೆ ಜಾಲು ಮಾಂತ್ರ ಕಾಣ್ತು."

ನಾನು ಈ ಕಡೆಯ ಸಣ್ಣ ವ್ಯಾಪಾರದವರಿಗೆ ವಿಡಿಯೊ ಎಡಿಟ್ ಮಾಡಿ ಕೊಡುವ ಕೆಲಸದಲ್ಲಿದ್ದೇನೆ. ಜೂನ್‌ನಲ್ಲಿ ಈ ಕೆಲಸ ನನ್ನ ಹತ್ತಿರ ಬಂತು. ಅಕ್ಕ ಕೇಳಿದ ಆ ಪ್ರಶ್ನೆಯಲ್ಲೇ ರೋಗ ಏನೆಂದು ಗೊತ್ತಾಗಿತ್ತು.

ಫೋನಿನ ಮೇಲೆ ಏನು ಕಾಣುತ್ತದೆ

ಆಸ್ಪೆಕ್ಟ್ ರೇಶಿಯೊ ಅಂದರೆ ಚಿತ್ರದ ಅಗಲಕ್ಕೂ ಎತ್ತರಕ್ಕೂ ಇರುವ ಲೆಕ್ಕ. ಟಿವಿ ಮತ್ತು ಯೂಟ್ಯೂಬ್‌ನ ಮಾಮೂಲಿ ಅಡ್ಡ ವಿಡಿಯೊ 16:9. ಇನ್‌ಸ್ಟಾಗ್ರಾಂ ರೀಲ್ಸ್, ಯೂಟ್ಯೂಬ್ ಶಾರ್ಟ್ಸ್, ವಾಟ್ಸಾಪ್ ಸ್ಟೇಟಸ್‌ನ ಉದ್ದ ವಿಡಿಯೊ 9:16. ಚೌಕ ಎಂದರೆ 1:1. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಫೀಡ್‌ನಲ್ಲಿ ಹೆಚ್ಚು ಕಾಣುವ ಸ್ವಲ್ಪ ಉದ್ದದ್ದು 4:5. ಹೆಸರು ಹೇಳುವುದು ಸುಲಭ. ಫೋನನ್ನು ನೆಟ್ಟಗೆ ಹಿಡಿದಾಗ ಇವುಗಳ ಗತಿ ಏನಾಗುತ್ತದೆ ಎಂದು ಅಳೆದು ನೋಡಬೇಕು.

ಪರದೆಯ ಅಗಲ 1080 ಪಿಕ್ಸೆಲ್ (ಚಿತ್ರದ ಚುಕ್ಕೆ) ಅಂತ ಇಟ್ಟುಕೊಳ್ಳೋಣ. ಫೋನ್ ತಿರುಗಿಸದಿದ್ದರೆ ಯಾವ ವಿಡಿಯೊಗೂ ಅಗಲ ಅಷ್ಟೇ. ಬದಲಾಗುವುದು ಎತ್ತರ. 9:16ಕ್ಕೆ 1920 ಸಿಗುತ್ತದೆ. 4:5ಕ್ಕೆ 1350, ಚೌಕಕ್ಕೆ 1080. ಅಡ್ಡ ವಿಡಿಯೊಗೆ ಬರೀ 607. ಅಂದರೆ ಉದ್ದ ವಿಡಿಯೊ ತುಂಬುವ ಜಾಗದ ಮೂರನೇ ಒಂದು ಪಾಲೂ ಅಡ್ಡಕ್ಕೆ ಸಿಗುವುದಿಲ್ಲ. 4:5ರ ಮುಂದೆ ಇಟ್ಟರೂ ಅಡ್ಡದ್ದು ಅರ್ಧಕ್ಕಿಂತ ಕಡಿಮೆ.

ಸೆಂಟಿಮೀಟರ್‌ನಲ್ಲಿ ಹೇಳಿದರೆ ಇನ್ನೂ ಸರಿಯಾಗಿ ಮನಸ್ಸಿಗೆ ಹೋಗುತ್ತದೆ. ಫೋನಿನ ಪರದೆ ಸುಮಾರು 7 ಸೆಂ.ಮೀ. ಅಗಲ. ಅಡ್ಡ ವಿಡಿಯೊ ಅದರಲ್ಲಿ 4 ಸೆಂ.ಮೀ. ಎತ್ತರವೂ ಬರುವುದಿಲ್ಲ. ಆ 4 ಸೆಂಟಿಮೀಟರ್‌ನಲ್ಲಿ ಆಕಾಶ, ಅಡಿಕೆ ಮರ, ಮನೆಯ ಮಾಡು, ಜಾಲು, ಚಾಪೆ ಎಲ್ಲ ಬರಬೇಕು. ಒಂದೊಂದು ಹಪ್ಪಳ ಕಡ್ಲೆಬೇಳೆಯಷ್ಟು ಕಾಣುತ್ತದೆ. ತೋಟ ಮಾರುವುದಾದರೆ ಆ ಚಿತ್ರ ಸಾಕು. ಹಪ್ಪಳ ಮಾರಲಿಕ್ಕೆ ಆಗುವುದಿಲ್ಲ.

"ಫೋನ್ ಅಡ್ಡ ಮಾಡಿ ನೋಡಿದರೆ ಆಯ್ತಲ್ಲ" ಎಂದು ಮಗ ಕೇಳಿದ. ಯಕ್ಷಗಾನ ನೋಡುವಾಗ ಜನ ತಿರುಗಿಸುತ್ತಾರೆ. ತಾಳಮದ್ದಳೆಗೂ ತಿರುಗಿಸುತ್ತಾರೇನೋ. ಅವರು ಅದನ್ನು ನೋಡಲಿಕ್ಕೆಂದೇ ಕೂತವರು. ಹಪ್ಪಳದ ವಿಡಿಯೊ ನೋಡಲಿಕ್ಕೆಂದು ಯಾರೂ ಕೂರುವುದಿಲ್ಲ. ಬೆಂಗಳೂರಿನಲ್ಲಿ ಬಸ್ಸಿಗೆ ನಿಂತವರ ಹೆಬ್ಬೆರಳಿನ ಕೆಳಗೆ ಅದು ಹಾಗೇ ಬಂದು ಹೋಗುತ್ತದೆ. ಅವರು ಫೋನ್ ತಿರುಗಿಸುತ್ತಾರೆ ಎಂದು ನಂಬಿ ವ್ಯಾಪಾರ ಮಾಡಬಾರದು.

ವಿಡಿಯೊಗ್ರಾಫರ್‌ನದ್ದು ತಪ್ಪು ಎಂದು ನನಗೆ ಅನಿಸುವುದಿಲ್ಲ. ಅವರ ಕೆಲಸವೆಲ್ಲ ನೋಡುವುದು ಟಿವಿಯಲ್ಲಿ, ಸಭಾಂಗಣದ ಎಲ್‌ಇಡಿ ಪರದೆಯಲ್ಲಿ. ಭಾಗವತರು, ಚೆಂಡೆ, ಮದ್ದಳೆ, ಎದುರು ಎರಡು ವೇಷ, ಇಷ್ಟೂ ಒಟ್ಟಿಗೆ ಕಾಣಬೇಕಾದರೆ ಅಡ್ಡವೇ ಬೇಕು. ಎಲ್ಲಿ ತೋರಿಸಲಿಕ್ಕೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ. ಶೂಟಿಂಗ್‌ಗೆ ಮೊದಲು ಆ ಒಂದು ಮಾತು ಆಗಿದ್ದರೆ ಕೆಳಗೆ ಬರೆದ ಪರದಾಟ ಅರ್ಧ ಕಡಿಮೆಯಾಗುತ್ತಿತ್ತು.

ಬಿಸಿಲು ಇಲ್ಲ, ಇರುವ ಚಿತ್ರವೇ ಗತಿ

ಸಾಮಾನ್ಯವಾಗಿ ಇಂಥ ಕಡೆ ಪರಿಹಾರ ಸುಲಭ. ಮತ್ತೊಮ್ಮೆ ಶೂಟ್ ಮಾಡಿದರೆ ಆಯ್ತು. ಇಲ್ಲಿ ಆಗಲಿಲ್ಲ. ಮಳೆ ಬಂದಾಗಿತ್ತು. ಚಾಪೆಗಳು ಅಟ್ಟ ಸೇರಿದ್ದವು. ಒತ್ತುವುದು, ಹರವುವುದು, ಒಣಗಿಸುವುದು ಮುಂದಿನ ಮಾರ್ಚ್ ತನಕ ಇಲ್ಲ. ಆದ್ದರಿಂದ ಬಿಸಿಲಿನ ಚಿತ್ರ ಬೇಕೆಂದರೆ ಏಪ್ರಿಲ್‌ನ ಅಡ್ಡ ಫೈಲಿನಿಂದಲೇ ತೆಗೆಯಬೇಕು.

ಆ ಫೈಲ್ 1920×1080. ಅದರೊಳಗಿಂದ 9:16ರ ಒಂದು ಪಟ್ಟಿ ಕತ್ತರಿಸಿದರೆ ಸಿಗುವುದು 607×1080. ಚಿತ್ರದ ನೂರಕ್ಕೆ 68 ಪಾಲು ಕಸದ ಬುಟ್ಟಿಗೆ. ಉಳಿದ ತುಂಡನ್ನು 1080×1920ಕ್ಕೆ ಎಳೆಯಬೇಕು, ಅಂದರೆ ಅಗಲವನ್ನೂ ಎತ್ತರವನ್ನೂ ಒಂದೂ ಮುಕ್ಕಾಲು ಪಟ್ಟು ದಾಟಿಸಬೇಕು. ಹಪ್ಪಳದ ಮೇಲಿನ ಮೆಣಸಿನ ಚುಕ್ಕೆ, ಅಂಚಿನ ಬಿರುಕು, ಎಲ್ಲ ಮಂಕಾಗುತ್ತದೆ. ವಾಟ್ಸಾಪ್ ಅದನ್ನು ಇನ್ನಷ್ಟು ಒತ್ತಿ ಕುಗ್ಗಿಸಿ ಕಳಿಸುತ್ತದೆ. ಕೊನೆಗೆ ಉಳಿಯುವುದು ಕಂದು ಬಣ್ಣದ ಮಬ್ಬು.

4ಕೆಯಲ್ಲಿ ತೆಗೆದಿದ್ದರೆ ಕತೆಯೇ ಬೇರೆ. 3840×2160ರಿಂದ ಕತ್ತರಿಸಿದ ಉದ್ದ ಪಟ್ಟಿ 1215×2160 ಬರುತ್ತದೆ. ರೀಲ್ಸ್‌ಗೆ ಬೇಕಾದ್ದಕ್ಕಿಂತ ಜಾಸ್ತಿಯೇ. ಕ್ಯಾಮೆರಾದಲ್ಲಿ ಆ ಸೌಕರ್ಯ ಇತ್ತು. ಫೈಲ್ ದೊಡ್ಡದಾಗುತ್ತದೆ ಎಂದು ಬಳಸಿರಲಿಲ್ಲ. ಕಾರ್ಡಿನ ಜಾಗ ಉಳಿಸಲಿಕ್ಕೆ ಹೋಗಿ ಒಂದು ವರ್ಷದ ಬಿಸಿಲು ಕೈತಪ್ಪಿತು. ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮ ಕಡೆಯ ಹೆಚ್ಚಿನ ವಸ್ತುಗಳು ಹೀಗೇ, ಕಾಲಕ್ಕೆ ಕಟ್ಟುಬಿದ್ದವು. ಅಡಿಕೆ ಒಣಗಿಸುವುದು, ಗೇರುಬೀಜ, ಮಾಂಬಳ (ಒಣಗಿಸಿದ ಮಾವಿನ ರಸ), ಉಪ್ಪಿನಕಾಯಿಯ ಮಿಡಿ. ಒಮ್ಮೆ ತಪ್ಪಿದರೆ ವರ್ಷ ಕಾಯಬೇಕು.

ಬಿಟ್ಟ ದಾರಿಗಳು

ಮೊದಲು ಮಗ ಹೇಳಿದ್ದು ಹಿಂದೆ ಮಬ್ಬು ಹಾಕುವ ಉಪಾಯ. ಅಡ್ಡ ಚಿತ್ರ ನಡುವೆ, ಮೇಲೆ ಕೆಳಗೆ ಅದೇ ಚಿತ್ರವನ್ನು ದೊಡ್ಡದು ಮಾಡಿ ಮಸುಕು ಮಾಡಿ ತುಂಬಿಸುವುದು. ಮದುವೆ ರೀಲ್ಸ್‌ನಲ್ಲಿ ದಿನಾ ಕಾಣುತ್ತದೆ. ನನಗೆ ಇದು ಒಪ್ಪಿಗೆಯಿಲ್ಲ. ಪರದೆ ತುಂಬಿದ ಹಾಗೆ ಕಾಣುತ್ತದೆ, ಆದರೆ ಹಪ್ಪಳ ಅದೇ ಕಡ್ಲೆಬೇಳೆಯ ಗಾತ್ರದಲ್ಲೇ ಉಳಿಯುತ್ತದೆ. ಮೂರರಲ್ಲಿ ಎರಡು ಪಾಲು ಜಾಗ ಏನನ್ನೂ ಹೇಳುವುದಿಲ್ಲ.

ಎರಡನೆಯದು, ಸಾಫ್ಟ್‌ವೇರ್ ತಾನಾಗಿ ಕತ್ತರಿಸುವ ಸೌಕರ್ಯ. ಅದು ಮುಖವನ್ನೋ ಚಲಿಸುವುದನ್ನೋ ಹುಡುಕಿ ಅದರ ಹಿಂದೆ ಚೌಕಟ್ಟು ಸರಿಸುತ್ತದೆ. ಮಾತಾಡುವವರ ವಿಡಿಯೊಗೆ ಒಳ್ಳೆಯದು. ಹಪ್ಪಳ ಮಾತಾಡುವುದಿಲ್ಲ, ಓಡಾಡುವುದೂ ಇಲ್ಲ. ಚಾಪೆಯ ಬದಿಯಲ್ಲಿ ಅಡ್ಡ ಹಾಯ್ದ ನಾಯಿಯ ಹಿಂದೆ ಚೌಕಟ್ಟು ಹೋಯಿತು. ಹಪ್ಪಳ ಹೊರಗೆ ಉಳಿಯಿತು. ಇಂಥ ವಸ್ತುವಿಗೆ ಕಣ್ಣಿಟ್ಟು ಕೈಯಲ್ಲೇ ಕತ್ತರಿಸಬೇಕು.

ಮೂರನೆಯದು, ಎಲ್ಲದಕ್ಕೂ ಚೌಕ. ಇದರ ಆಸೆ ನನಗೂ ಇತ್ತು. ಹಪ್ಪಳ ದುಂಡಗೆ, ಬಾಣಲೆ ದುಂಡಗೆ, ಚೌಕದಲ್ಲಿ ಚಂದ ಕೂರುತ್ತವೆ. ಇನ್‌ಸ್ಟಾಗ್ರಾಂ 2010ರಲ್ಲಿ ಶುರುವಾದಾಗ ಚೌಕ ಬಿಟ್ಟು ಬೇರೆ ಇರಲೇ ಇಲ್ಲ, 2015ರಲ್ಲಷ್ಟೇ ಅಡ್ಡ ಉದ್ದಗಳಿಗೆ ಬಾಗಿಲು ತೆರೆಯಿತು. ಆದರೆ 2020ರ ಜೂನ್ ಕೊನೆಗೆ ಭಾರತದಲ್ಲಿ ಟಿಕ್‌ಟಾಕ್ ನಿಂತ ಮೇಲೆ ಜುಲೈಯಲ್ಲಿ ರೀಲ್ಸ್, ಸೆಪ್ಟೆಂಬರ್‌ನಲ್ಲಿ ಶಾರ್ಟ್ಸ್ ಬಂದವು. ನೋಡುವವರ ಕಣ್ಣು ಉದ್ದಕ್ಕೆ ಒಗ್ಗಿಹೋಗಿದೆ. ಸ್ಟೇಟಸ್‌ನಲ್ಲಿ ಚೌಕ ಹಾಕಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ. ಇನ್ನೊಂದು ಸಂಗತಿ ಹಲವರಿಗೆ ಗೊತ್ತಿರುವುದಿಲ್ಲ. 2024ರ ಅಕ್ಟೋಬರ್ 15ರ ನಂತರ ಯೂಟ್ಯೂಬ್‌ಗೆ ಹಾಕುವ 3 ನಿಮಿಷದೊಳಗಿನ ಉದ್ದ ವಿಡಿಯೊ ಮಾತ್ರವಲ್ಲ, ಚೌಕ ವಿಡಿಯೊ ಕೂಡ ಶಾರ್ಟ್ಸ್ ಆಗಿಬಿಡುತ್ತದೆ. ಚೌಕ ಮಾಡಿ ಮಾಮೂಲಿ ವಿಡಿಯೊ ಸಾಲಿನಲ್ಲಿ ಇಡುತ್ತೇನೆ ಎಂದರೆ ನಡೆಯುವುದಿಲ್ಲ.

ಒಂದೊಂದು ಶಾಟ್‌ಗೂ ಅದರದ್ದೇ ಆಕಾರ

ವೇದಿಕೆ ಯಾವುದು ಎಂದು ಕೇಳುವ ಮೊದಲು ಇಡೀ ಚಿತ್ರವನ್ನು ಶಾಟ್ ಶಾಟ್ ಆಗಿ ಬಿಡಿಸಿಕೊಂಡೆವು. ಪ್ರತಿಯೊಂದರಲ್ಲೂ ಕೊಳ್ಳುವವರಿಗೆ ಕಾಣಲೇಬೇಕಾದ್ದು ಏನು, ಅದರ ಆಕಾರ ಎಂಥದ್ದು ಎಂದು ಕೇಳಿದೆವು. ಅಕ್ಕ, ಮಗ, ನಾನು ಮೂವರೂ ಅಡಿಗೆ ಮನೆಯಲ್ಲಿ ಕೂತು ಮಾಡಿದ ಕೆಲಸ ಇದು. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಉಪಯೋಗ ಕೊಟ್ಟದ್ದೂ ಇದೇ.

ಹಲಸಿನ ಮರ ಉದ್ದ. ಕಾಯಿ ಬಿಡುವುದು ಬೊಡ್ಡೆಯಲ್ಲಿ, ಒಂದರ ಕೆಳಗೆ ಒಂದು. ಇದನ್ನು ಅಡ್ಡ ಚೌಕಟ್ಟಿನಲ್ಲಿ ತೆಗೆದರೆ ಎಡಕ್ಕೂ ಬಲಕ್ಕೂ ಬೇಡದ ಕಾಡು ತುಂಬುತ್ತದೆ. 9:16 ಅದಕ್ಕೆಂದೇ ಹೊಲಿದ ಅಳತೆ. ಜೂನ್‌ನಲ್ಲೂ ಮರದಲ್ಲಿ ಕಾಯಿ ಇತ್ತು, ಮಳೆ ಬಿಟ್ಟಾಗ ಹೊಸದಾಗಿ ತೆಗೆದೆವು.

ಒಣಗಿಸುವ ಜಾಲು ಅಡ್ಡವೇ. ಬೇರೆ ದಾರಿ ಇಲ್ಲ. ಚಾಪೆಯ ಸಾಲು ಎಷ್ಟು ಉದ್ದಕ್ಕೆ ಹೋಗಿದೆ ಎಂಬುದೇ ಅಲ್ಲಿ ಹೇಳಬೇಕಾದ್ದು. ಅದನ್ನು ಕತ್ತರಿಸುವ ಬದಲು ಹಾಗೇ ಉಳಿಸಿಕೊಂಡೆವು. ಅದಕ್ಕೆ ಒಂದು ಲೆಕ್ಕ ಕೈಗೆ ಬಂತು. 607 ಪಿಕ್ಸೆಲ್‌ನ ಮೂರು ಅಡ್ಡ ಚಿತ್ರ ಒಂದರ ಕೆಳಗೆ ಒಂದು ಇಟ್ಟರೆ ಒಟ್ಟು 1821 ಆಗುತ್ತದೆ. ಉದ್ದ ಚೌಕಟ್ಟಿನ ಎತ್ತರ 1920. ಸಂದಿಗೆ ತೆಳುವಾದ ಎರಡು ಗೆರೆ ಬಿಟ್ಟರೆ ಮೂರೂ ಸರಿಯಾಗಿ ಕೂರುತ್ತವೆ. ಮೇಲೆ ಸೊಳೆ ಬಿಡಿಸುವ ಕೈ, ನಡುವೆ ಮಣೆಯಲ್ಲಿ ಹಪ್ಪಳ ಒತ್ತುವುದು, ಕೆಳಗೆ ಚಾಪೆಯ ಸಾಲು. ಮೂರೂ ಒಂದೇ ಸಲ ಓಡುತ್ತವೆ. ಏಪ್ರಿಲ್‌ನ ಚಿತ್ರ ಒಂದು ಚೂರೂ ಎಳೆಯದೆ, ಮಂಕಾಗದೆ ಬಳಕೆಗೆ ಬಂತು.

ಒತ್ತುವ ಶಾಟ್‌ನಲ್ಲಿ ವಿಡಿಯೊಗ್ರಾಫರ್ ಹತ್ತಿರದಿಂದ ತೆಗೆದದ್ದು ಒಂದಿತ್ತು. ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಉಂಡೆ ಇಡುತ್ತಾರೆ. ಮೇಲಿನ ಮಣೆ ಇಳಿಯುತ್ತದೆ. ಎತ್ತಿದರೆ ಉಂಡೆಯ ಜಾಗದಲ್ಲಿ ದುಂಡಗಿನ ಹಪ್ಪಳ. ಹಾಳೆಯಿಂದ ಬಿಡಿಸುವಾಗ ಅಂಚು ಸ್ವಲ್ಪ ಮಡಚಿಕೊಳ್ಳುತ್ತದೆ, ಅಕ್ಕ ಹೆಬ್ಬೆರಳಿನ ತುದಿಯಿಂದ ಅದನ್ನು ಸರಿ ಮಾಡುತ್ತಾರೆ. ಆ ಹೆಬ್ಬೆರಳು ಚಿತ್ರದ ನಡುವೆಯೇ ಇತ್ತು. ಅಲ್ಲಿ 4:5ರ ತುಂಡು ಕತ್ತರಿಸಿದೆವು, 864×1080. ಎಳೆಯಬೇಕಾದ್ದು ಕಾಲು ಪಟ್ಟು ಮಾತ್ರ, ಕಣ್ಣಿಗೆ ಗೊತ್ತಾಗುವುದಿಲ್ಲ. ಇದು ಯಂತ್ರದಿಂದ ಉದುರಿದ ಹಪ್ಪಳ ಅಲ್ಲ ಎಂದು ಆ ಎರಡು ಸೆಕೆಂಡ್ ಹೇಳುತ್ತದೆ. ನಾಲ್ಕು ನಿಮಿಷದ ಚಿತ್ರದಲ್ಲಿ ಅದು ಎಲ್ಲೋ ಹುದುಗಿಹೋಗಿತ್ತು.

ಎಣ್ಣೆಯಲ್ಲಿ ಕಾಯಿಸುವುದು ಏಪ್ರಿಲ್‌ನ ಚಿತ್ರದಲ್ಲಿ ಇರಲೇ ಇಲ್ಲ! ಅದನ್ನು ಫೋನಿನಲ್ಲಿ ಉದ್ದ ಹಿಡಿದು ತೆಗೆದೆವು. ಕಿಟಕಿಯ ಬೆಳಕು ಸಾಕಾಯಿತು. ಹೊರಗೆ ಮಳೆ, ಒಳಗೆ ತೆಂಗಿನೆಣ್ಣೆಯ ಬಾಣಲೆ. ಹಪ್ಪಳ ಬಿಟ್ಟ ಕೂಡಲೇ ಸುತ್ತ ನೊರೆ ಏಳುತ್ತದೆ, ಸಟ್ಟುಗ ಒಮ್ಮೆ ಮಗುಚುತ್ತದೆ. ಮಳೆಯ ಸದ್ದೂ ಎಣ್ಣೆಯ ಸದ್ದೂ ಒಟ್ಟಿಗೆ ಕೇಳುತ್ತದೆ. ಹಪ್ಪಳ ಪರದೆಯ ಮುಕ್ಕಾಲು ಅಗಲ ತುಂಬಿತು. ಇದನ್ನೇ ಮೊದಲ ಶಾಟ್ ಮಾಡಿದೆವು.

ಅಕ್ಷರಕ್ಕೆ ಜಾಗ

ರೀಲ್ಸ್ ಚೌಕಟ್ಟು 1920 ಎತ್ತರ ಎಂದರೂ ಅಷ್ಟೂ ನಮ್ಮದಲ್ಲ. ಕೆಳಗೆ ಖಾತೆಯ ಹೆಸರು, ವಿವರ, ಹಾಡಿನ ಹೆಸರು. ಬಲಕ್ಕೆ ಹೃದಯ, ಕಮೆಂಟ್, ಶೇರ್ ಗುಂಡಿಗಳು. ರೀಲ್ಸ್ ಜಾಹೀರಾತಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪೆನಿ ಕೊಡುವ ಸಲಹೆ ಹೀಗಿದೆ: ಮೇಲೆ ಸುಮಾರು ನೂರಕ್ಕೆ 14, ಕೆಳಗೆ 35, ಎರಡೂ ಬದಿಗೆ 6ರಷ್ಟು ಜಾಗದಲ್ಲಿ ಅಕ್ಷರ, ಲೋಗೊ ಇಡಬೇಡಿ. ಲೆಕ್ಕ ಹಾಕಿ ನೋಡಿ. ಉಳಿಯುವುದು ಸುಮಾರು 950 ಅಗಲ, 980 ಎತ್ತರ. ಹೆಚ್ಚುಕಡಿಮೆ ಒಂದು ಚೌಕ! ಅದೂ ನಡುವಿಗಿಂತ ಸ್ವಲ್ಪ ಮೇಲೆ. ಜಾಹೀರಾತಲ್ಲದ ರೀಲ್ಸ್‌ಗೂ ನಾನು ಇದೇ ಅಳತೆ ಇಟ್ಟುಕೊಳ್ಳುತ್ತೇನೆ.

ಗಡಿನಾಡಿನವರಿಗೆ ಇಲ್ಲಿ ಇನ್ನೊಂದು ಕಷ್ಟ. ನಮಗೆ ಎರಡು ಭಾಷೆಯಲ್ಲಿ ಬರೆಯಬೇಕಾಗುತ್ತದೆ. ಸಪ್ತಭಾಷೆಗಳ ಜಿಲ್ಲೆ ಇದು, ವ್ಯಾಪಾರಕ್ಕೆ ಕನಿಷ್ಠ ಕನ್ನಡವೂ ಮಲಯಾಳವೂ ಬೇಕು. ಮೊದಲ ಕರಡಿನಲ್ಲಿ ಎರಡನ್ನೂ ಒಂದೇ ವಿಡಿಯೊದಲ್ಲಿ ಇಟ್ಟೆವು. ಮೇಲೆ "ಹಲಸಿನ ಹಪ್ಪಳ", ಕೆಳಗೆ ಮಲಯಾಳದಲ್ಲಿ "ಚಕ್ಕ ಪಪ್ಪಡಂ". ಬೆಲೆ ಎರಡು ಸಲ, ಫೋನ್ ನಂಬರ್ ಒಂದು ಸಲ. ಆ 980ರ ಚೌಕ ಅಕ್ಷರದಿಂದಲೇ ತುಂಬಿತು. ಹಪ್ಪಳ ಮತ್ತೆ ಮರೆಯಾಯಿತು.

ಕನ್ನಡಕ್ಕೆ ಎತ್ತರವೂ ಜಾಸ್ತಿ ಬೇಕು. ಹಪ್ಪಳದ ಪಕಾರದ ಒತ್ತು ಸಾಲಿನಿಂದ ಕೆಳಗೆ ಇಳಿಯುತ್ತದೆ. ಇಂಗ್ಲಿಷಿಗೆಂದು ಮಾಡಿಟ್ಟ ಅಕ್ಷರದ ಪಟ್ಟಿಯಲ್ಲಿ ಒತ್ತಿನ ಬುಡ ಕತ್ತರಿಸಿ ಹೋಗುತ್ತದೆ, ಇಲ್ಲವೇ ಕೆಳಗಿನ ಸಾಲಿಗೆ ತಾಗುತ್ತದೆ. ಸಾಲಿನ ನಡುವೆ ಹೆಚ್ಚಿಗೆ ಜಾಗ ಬಿಟ್ಟು, ಹಿಂದಿನ ಪಟ್ಟಿಯನ್ನು ಕೆಳಕ್ಕೆ ಎಳೆದು, ದಪ್ಪ ಅಕ್ಷರ ಇಟ್ಟ ಮೇಲೆಯೇ ಸರಿಯಾಯಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆಯೂ ಕನ್ನಡವನ್ನು ಮನೆಯಲ್ಲಿ, ಶಾಲೆಯಲ್ಲಿ, ಅಂಗಡಿಯ ಬೋರ್ಡಿನಲ್ಲಿ ಉಳಿಸಿಕೊಂಡು ಬಂದವರು ನಾವು. ಫೋನಿನ ಪರದೆಯಲ್ಲಿ ಒಂದು ಗುಂಡಿಯ ಅಡಿಗೆ ಅದು ಹೋಗಬಾರದು, ಅಲ್ವಾ? ನನಗೆ ಇದು ಬರೀ ವಿನ್ಯಾಸದ ವಿಷಯ ಅಲ್ಲ.

ಕೊನೆಗೆ ಎರಡು ಫೈಲ್ ಮಾಡಿದೆವು. ಚಿತ್ರ ಅದೇ, ಸದ್ದು ಅದೇ, ಅಕ್ಷರ ಬೇರೆ. ಮಾತಿನ ಹಿನ್ನೆಲೆ ಇಡದ ಕಾರಣ ಇದು ಸುಲಭವಾಯಿತು. ಎಣ್ಣೆಯ ಸದ್ದಿಗೆ ಭಾಷೆ ಬೇಡ. ಒಂದು ಸಲಕ್ಕೆ ಒಂದೇ ಸಾಲು: ಹೆಸರು, ಆಮೇಲೆ ಕಟ್ಟಿನ ಬೆಲೆ, ಆಮೇಲೆ ವಾಟ್ಸಾಪ್ ನಂಬರ್.

ಯಾವುದು ಎಲ್ಲಿಗೆ

ಮುಖ್ಯ ಫೈಲ್ 9:16, ಅರ್ಧ ನಿಮಿಷದೊಳಗೆ. ರೀಲ್ಸ್, ಶಾರ್ಟ್ಸ್, ಸ್ಟೇಟಸ್ ಮೂರಕ್ಕೂ ಅದೇ. ಕವರ್ ಚಿತ್ರದಲ್ಲಿ ಮಾತ್ರ ಜಾಗ್ರತೆ ಬೇಕಾಯಿತು. ಇನ್‌ಸ್ಟಾಗ್ರಾಂ 2025ರ ಜನವರಿಯಲ್ಲಿ ಪ್ರೊಫೈಲ್‌ನ ಚೌಕ ಚಿತ್ರಗಳನ್ನು ಉದ್ದ ಮಾಡಿತು, ಈಗ ಅಲ್ಲಿ 3:4 ಕಾಣುತ್ತದೆ. 9:16ರ ಕವರ್‌ನಲ್ಲಿ ಮೇಲೂ ಕೆಳಗೂ 240 ಪಿಕ್ಸೆಲ್ ಹೋಗುತ್ತದೆ. ಹೆಸರನ್ನು ತೀರಾ ಮೇಲೆ ಬರೆದರೆ ಪ್ರೊಫೈಲ್‌ನಲ್ಲಿ ಅದೇ ಕಾಣುವುದಿಲ್ಲ.

ಫೇಸ್‌ಬುಕ್ ಫೀಡ್‌ಗೆ 4:5. ಗಲ್ಫ್‌ನಲ್ಲಿರುವ ಹಿರಿಯರು, ನಿವೃತ್ತರಾದ ಮಾಸ್ಟರುಗಳು ಅಲ್ಲಿದ್ದಾರೆ. ಸ್ವಲ್ಪ ದುಡ್ಡು ಹಾಕಿ ಜಾಹೀರಾತು ಕೊಟ್ಟಾಗಲೂ ಫೀಡ್‌ಗೆ 4:5, ರೀಲ್ಸ್ ಮತ್ತು ಸ್ಟೋರಿಗೆ 9:16 ಎಂದು ಬೇರೆ ಬೇರೆ ಫೈಲ್ ಕೊಟ್ಟೆವು. ಜಾಹೀರಾತಿನ ಪುಟದಲ್ಲೇ ಆ ಅವಕಾಶ ಇದೆ. ಒಂದೇ ಫೈಲ್ ಕೊಟ್ಟು ಉಳಿದದ್ದನ್ನು ಅದಕ್ಕೇ ಬಿಟ್ಟರೆ ಎಲ್ಲೆಂದರಲ್ಲಿ ಕತ್ತರಿಸುತ್ತದೆ.

ನಾಲ್ಕು ನಿಮಿಷದ ಅಡ್ಡ ಚಿತ್ರವನ್ನು ತೆಗೆದು ಹಾಕಲಿಲ್ಲ. ಯೂಟ್ಯೂಬ್‌ನಲ್ಲಿ ಅದು ಇದೆ. ಹಪ್ಪಳ ಹೇಗೆ ಮಾಡುತ್ತೀರಿ ಎಂದು ಕೇಳುವವರಿಗೆ ಅದರ ಲಿಂಕ್ ಹೋಗುತ್ತದೆ. ಹಲಸು ಮೇಳಗಳಲ್ಲಿ ಮಳಿಗೆಯ ಟಿವಿಗೂ ಅದೇ ಸರಿ. ಅಡ್ಡ ಚಿತ್ರ ಕೆಟ್ಟದ್ದಲ್ಲ, ಅದರ ಜಾಗ ಬೇರೆ.

ಆದದ್ದೇನು

ಮೊದಲು ಬದಲಾದದ್ದು ಪ್ರಶ್ನೆಗಳು. "ಯಾವ ಜಾಗ?" ಹೋಗಿ "ಕಟ್ಟಿಗೆ ಎಷ್ಟು?", "ಬೆಂಗಳೂರಿಗೆ ಕಳಿಸ್ತೀರಾ?", "ಖಾರ ಕಡಿಮೆ ಇರುವುದು ಇದೆಯಾ?" ಬಂತು. ಮಲಯಾಳದ ಫೈಲಿಗೆ ಕಣ್ಣೂರಿನ ಕಡೆಯಿಂದ ವಿಚಾರಣೆ ಬಂತು. ಅಲ್ಲಿಗೆ ಇವರು ಹಿಂದೆ ಪೇಟೆಯ ಅಂಗಡಿಯ ಮೂಲಕ ಮಾತ್ರ ಮಾರುತ್ತಿದ್ದರು. ಹಳೆಯ ವಿಡಿಯೊದ ಗ್ರಾಫ್‌ನಲ್ಲಿ ನೋಡುವವರು ಡ್ರೋನ್ ಶಾಟ್ ಮುಗಿಯುವ ಮೊದಲೇ ಬಿಟ್ಟು ಹೋಗಿದ್ದು ಕಾಣುತ್ತಿತ್ತು. ಹೊಸದರಲ್ಲಿ ಬಾಣಲೆಯ ಶಾಟ್ ದಾಟಿ ಹೆಚ್ಚಿನವರು ಮುಂದೆ ಬಂದರು. ಆಟಿ ಮುಗಿಯುವ ಹೊತ್ತಿಗೆ ಅಕ್ಕನ ಹತ್ತಿರ ಮನೆಖರ್ಚಿಗೆ ಇಟ್ಟ ಕಟ್ಟುಗಳಷ್ಟೇ ಉಳಿದಿದ್ದವು.

ಇದೆಲ್ಲ ಚೌಕಟ್ಟಿನ ಅಳತೆ ಬದಲಿಸಿದ್ದರಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ. ಮೊದಲ ಶಾಟ್ ಬದಲಾಯಿತು, ವಿಡಿಯೊದ ಅವಧಿ ಕಡಿಮೆಯಾಯಿತು, ಬೆಲೆ ಬರೆದೆವು, ಮಳೆಯೂ ಬಂತು. ಹಳೆಯದನ್ನು ಹಾಕಿದ್ದು ಮೇ ತಿಂಗಳ ಸೆಖೆಯಲ್ಲಿ, ಆಗ ಹಪ್ಪಳದ ನೆನಪು ಯಾರಿಗೂ ಇರುವುದಿಲ್ಲ. ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಲಿಕ್ಕೆ ಬರುವುದಿಲ್ಲ. ಆದರೆ ಬಾಣಲೆಯ ಶಾಟ್ ಅಡ್ಡ ಇದ್ದಿದ್ದರೆ ಅದು ಆ ಕೆಲಸ ಮಾಡುತ್ತಿರಲಿಲ್ಲ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅದೇ ಶಾಟ್‌ನ ಅಡ್ಡ ರೂಪವನ್ನೂ ಮಾಡಿ ಅಕ್ಕನ ಫೋನಿನಲ್ಲಿ ಎರಡನ್ನೂ ತೋರಿಸಿದ್ದೆವು. ಅವರು ಉದ್ದದ್ದನ್ನು ತೋರಿಸಿ "ಇದು ತಿಂಬ ಹಾಂಗಿದ್ದು" ಎಂದರು.

ಬರುವ ಮಾರ್ಚ್‌ಗೆ

ಅದೇ ವಿಡಿಯೊಗ್ರಾಫರ್ ಬರುತ್ತಾರೆ. ಅವರಷ್ಟು ಬೆಳಕು ತಿಳಿದವರು ಈ ಕಡೆ ಕಡಿಮೆ. ಈ ಸಲ ಮೊದಲೇ ಕೂತು ಮಾತಾಡಿದ್ದೇವೆ. ಜಾಲಿನ ಶಾಟ್‌ಗಳು ಟ್ರೈಪಾಡ್‌ನಲ್ಲಿ 4ಕೆ ಅಡ್ಡ. ಒತ್ತುವುದು, ಬಿಡಿಸುವುದು, ಕಟ್ಟು ಕಟ್ಟುವುದು ಅದೇ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಫೋನಿನಲ್ಲಿ ಉದ್ದ. ಆ ಫೋನ್ ಹಿಡಿಯುವುದು ಮಗ.

ಅವರಿಗೆ ತೋರಿಸಿದ ಒಂದು ಸಣ್ಣ ಉಪಾಯ ಇಲ್ಲಿ ಬರೆಯುತ್ತೇನೆ, ಎಲ್ಲರಿಗೂ ಆಗುತ್ತದೆ. ಕ್ಯಾಮೆರಾದಲ್ಲಿ ಗ್ರಿಡ್ ಹಾಕಿದರೆ ಪರದೆ ಮೂರು ಉದ್ದ ಕಂಬಗಳಾಗಿ ಪಾಲಾಗುತ್ತದೆ. 16:9ರಲ್ಲಿ ನಡುವಿನ ಕಂಬದ ಅಗಲ 16ರ ಮೂರನೇ ಒಂದು, ಅಂದರೆ 5.33. ಅದೇ ಎತ್ತರಕ್ಕೆ 9:16 ಪಟ್ಟಿಯ ಅಗಲ 5.06. ಎರಡೂ ಹತ್ತಿರ ಹತ್ತಿರ ಒಂದೇ. ಹಾಗಾಗಿ ಅಡ್ಡ ಹಿಡಿದು ತೆಗೆಯುವಾಗಲೂ ಮುಖ್ಯವಾದ್ದನ್ನು ನಡುವಿನ ಕಂಬದೊಳಗೆ, ಗೆರೆಗೆ ತಾಗದಂತೆ ಇಟ್ಟರೆ ಸಾಕು. ಆಮೇಲೆ ಉದ್ದ ಕತ್ತರಿಸಿದರೂ ಅದು ಹೊರಗೆ ಹೋಗುವುದಿಲ್ಲ. ಅದಕ್ಕೆ ಬೇರೆ ಸಾಮಾನು ಬೇಡ, ದುಡ್ಡೂ ಬೇಡ.

ಡ್ರೋನ್ ಶಾಟ್ ಇಡುವುದೋ ಬಿಡುವುದೋ ಇನ್ನೂ ತೀರ್ಮಾನವಾಗಿಲ್ಲ. ಮಗನಿಗೆ ಬೇಕು. ಇಡುವುದಾದರೆ ಚಾಪೆಗಳನ್ನು ಜಾಲಿಗೆ ಅಡ್ಡ ಹಾಸುವ ಬದಲು ತೋಟದ ಕಡೆಗೆ ನೀಳವಾಗಿ ಹಾಸಿ, ಮೇಲಿನಿಂದ ಉದ್ದ ಚೌಕಟ್ಟಿನಲ್ಲೇ ತೆಗೆಯೋಣ ಎಂದು ನಾನು ಹೇಳಿದ್ದೇನೆ. ಮಧ್ಯಾಹ್ನ ಮೇಲೆ ಮರದ ನೆರಳು ಆ ಕಡೆ ಬೀಳುತ್ತದೆ, ಹಪ್ಪಳ ಒಣಗುವುದಿಲ್ಲ ಎಂದು ಅಕ್ಕ ಹೇಳಿದರು. ಹಾಗಾದರೆ ಬೆಳಗ್ಗೆಯೇ ಆ ಶಾಟ್ ಮುಗಿಸಿ ಚಾಪೆಗಳನ್ನು ವಾಪಸು ತಿರುಗಿಸಬೇಕು.